ಪರ್ವತಯ್ಯನ ಕರಡಿಗೆ

ಸುಳ್ಳು ಹೇಳಿದವನು ನಾನೇ. ಮಧುಗಿರಿ ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಇಂಗ್ಲಿಷ್ ಓದಬಲ್ಲೆನೆಂಬ ಜಂಬ ಬೇರೆ. ಪಕ್ಕದ ಮನೆಯ ಸಿದ್ದಗಂಗಮ್ಮನ ಒಬ್ಬನೇ ಮಗ ಪರ್ವತಯ್ಯ ಯುದ್ಧಕಾಲದಲ್ಲಿ ಸೈನ್ಯದ ಹೇಸರಗತ್ತೆ ಹೊಡೆಯುವ ಕೆಲಸಕ್ಕೆ ಸೇರಿ ಸಮುದ್ರದಾಚೆಯ ಬಸ್ರಾಕ್ಕೆ ಹೋಗಿದ್ದ. ಯುದ್ಧ ಮುಗಿದ ಮೇಲೆ ಅವನು ಬರಲಿಲ್ಲ. ಒಂದು ಇಂಗ್ಲಿಷ್ ಕಾಗದವೂ, ಅವನ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯೂ ಬಂದವು. ಒಳಗೆ ಅವನ ಇಷ್ಟಲಿಂಗ ಹಾಗೇ ಇತ್ತು. ಬೆಳ್ಳಿ ಸಾಮಾನೆಂದು ಯಾರೋ ಪುಣ್ಯಾತ್ಮರು ಜೋಪಾನವಾಗಿ ತೆಗೆದು ಕಳಿಸಿದ್ದರು.

ಬೊಂಬಾಯಿಗೆ ಇನ್ನೂ ಎರಡು ದಿನದ ದಾರಿ ಇರುವಾಗ ಹಡಗಿನಲ್ಲೇ ಜ್ವರದಿಂದ ತೀರಿಕೊಂಡ, ಹೆಣವನ್ನು ಸಮುದ್ರಕ್ಕೆ ಬಿಟ್ಟರು ಎಂದು ಕಾಗದದಲ್ಲಿತ್ತು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಇಲ್ಲಿ ಮಣ್ಣೂ ಇಲ್ಲ, ಲಿಂಗವೂ ಇಲ್ಲ. ಅದನ್ನು ಹೆತ್ತವಳಿಗೆ ಹೇಗೆ ಹೇಳಲಿ? "ಬೊಂಬಾಯಲ್ಲಿ ಮಣ್ಣು ಮಾಡವ್ರಂತೆ ಕಣಕ್ಕ" ಎಂದುಬಿಟ್ಟೆ.

ಸಿದ್ದಗಂಗಮ್ಮಕ್ಕ ಅಳಲಿಲ್ಲ. "ಅಂಗಾದ್ರೆ ನಡೀರಿ ಮೇಷ್ಟ್ರೇ. ಗುಂಡಿ ತೆಗ್ಸಿ, ಅವನ ಕೈಗೆ ಇದನ್ನ ಇಟ್ಟು ಬರಾಣ" ಎಂದಳು.

ಹೊರಡಲೇಬೇಕಾಯಿತು. ಬೊಂಬಾಯಿಯ ಶಿಲ್ಪಗಳನ್ನು ನೋಡಬೇಕೆಂದು ಹತ್ತು ವರ್ಷದಿಂದ ನನಗೂ ಆಸೆಯಿತ್ತು. ಅದನ್ನೇಕೆ ಮುಚ್ಚಿಡಲಿ?

ಮೊದಲ ದಿನ ದೊಡ್ಡ ರೈಲ್ವೆ ಸ್ಟೇಷನ್ನಿನ ಮುಂದೆ ಆಕೆಯನ್ನು ನಿಲ್ಲಿಸಿ ಕಲ್ಲಿನ ನವಿಲು, ಸಿಂಹ, ಹುಲಿಗಳನ್ನು ತೋರಿಸಿದೆ. ಆಕೆ ನಾನು ಕೈ ತೋರಿದ ಕಡೆಗೆಲ್ಲ ಕತ್ತೆತ್ತಿದಳು, ಕತ್ತಿಳಿಸಿದಳು. "ಮಗೀನ್ತಾವ್ಕೆ ಯಾವಾಗ ಹೋಗದು?"

"ನಾಳೆ ಹೋಗಾಣ ಕಣಕ್ಕ."

ಎರಡನೆಯ ದಿನ ರಾಣಿಬಾಗ್ ತೋಟದ ಮ್ಯೂಸಿಯಂ. ಗಾಜಿನೊಳಗೆ ಒಂದೊಂದು ಜಾತಿಯ, ಒಂದೊಂದು ಕಸುಬಿನ ಜನರ ಮಣ್ಣಿನ ಗೊಂಬೆಗಳು. ಎಂಥ ಬೆರಳು, ಬಟ್ಟೆಗೆ ಎಂಥ ನೆರಿಗೆ! ನಾನು ವಿವರಿಸುತ್ತಲೇ ಇದ್ದೆ. ಬಾಯಿ ಮುಚ್ಚಿದರೆ ಆಕೆ ಮತ್ತೆ ಕೇಳುತ್ತಾಳೆಂಬ ಭಯ.

"ಇವ್ರೆಲ್ಲ ಯಾರ ಮಕ್ಕಳು?" ಎಂದಳು. ಗೊಂಬೆಗಳೆಂದು ಹೇಳಿದೆ. ಸೊಂಟದ ಚೀಲವನ್ನು ಮುಟ್ಟಿ ನೋಡಿಕೊಂಡಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಸಂಜೆ ಮತ್ತೆ "ನಾಳೆ" ಎಂದೆ.

ಮೂರನೆಯ ದಿನ ದೋಣಿ ಹತ್ತಿಸಿ ಘಾರಾಪುರಿ ದ್ವೀಪದ ಗುಹೆಗೆ ಕರೆದುಕೊಂಡು ಹೋದೆ. ಮೂರು ಮುಖದ ಆ ಮಹಾಶಿವನ ಮುಂದೆ ನಿಂತರೂ ನನಗೆ ಏನೂ ಅನ್ನಿಸಲಿಲ್ಲ. ಹತ್ತು ವರ್ಷದ ಆಸೆ ಕಲ್ಲಾಗಿ ಕೂತಿತ್ತು. ಪಕ್ಕದಲ್ಲಿ ನಾಲ್ಕು ಬಾಗಿಲಿನ ಗುಡಿ, ಒಳಗೆ ದೊಡ್ಡ ಲಿಂಗ. ಹೂವಿಲ್ಲ, ವಿಭೂತಿಯಿಲ್ಲ.

"ಇದಕ್ಕೆ ಪೂಜೆ ಇಲ್ವಾ ಮೇಷ್ಟ್ರೇ?"

"ಮಾಡೋರಿಲ್ಲ ಕಣಕ್ಕ."

ಆಕೆ ಸೊಂಟದ ಚೀಲದಿಂದ ಕರಡಿಗೆ ತೆಗೆದು ನೋಡಿದಳು. "ಇದೂ ಅಂಗೇ ಆಯ್ತು."

ಹಿಂತಿರುಗುವ ದೋಣಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಬೊಂಬಾಯಲ್ಲಿ ಗುಂಡಿಯಿಲ್ಲ, ಕಾಗದದಲ್ಲಿದ್ದದ್ದು ಸಮುದ್ರ ಎಂದೆ. ಆಕೆ ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದೆ. ಬಾರಿಸಿದ್ದರೆ ನನಗೆ ಹಗುರವಾಗುತ್ತಿತ್ತು.

"ಇದೇ ನೀರಾ?" ಎಂದಷ್ಟೇ ಕೇಳಿದಳು.

"ಇನ್ನೂ ಎರಡು ದಿನದ ದೂರ ಆಚೆಗೆ. ನೀರು ಇದೇ."

ಕರಡಿಗೆ ಬಿಚ್ಚಿದಳು. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ದೋಣಿಯ ಅಂಚಿಗೆ ಬಾಗಿ, ಬಳೆಯಿಲ್ಲದ ಕೈಯನ್ನು ಮಣಿಕಟ್ಟಿನವರೆಗೆ ನೀರಿಗಿಳಿಸಿದಳು. ದೋಣಿ ಸಾಗುತ್ತಲೇ ಇತ್ತು. ಬಂದರಿನ ಮೆಟ್ಟಿಲು ಕಾಣುವವರೆಗೂ ಕೈ ತೆಗೆಯಲಿಲ್ಲ. ತೆಗೆದಾಗ ಅಂಗೈ ಖಾಲಿಯಿತ್ತು. ಯಾವಾಗ ಬಿಟ್ಟಳೋ ನನಗೆ ಗೊತ್ತಾಗಲಿಲ್ಲ.

ಸೆರಗಿಗೆ ಕೈ ಒರೆಸಿಕೊಂಡು, ಬರಿದಾದ ಕರಡಿಗೆಯನ್ನು ಚೀಲಕ್ಕೆ ಹಾಕಿದಳು.

"ಮೂರು ದಿನದಿಂದ ನೀವು ತೋರ್ಸಿದ್ರಲ್ಲಿ ನನ್ ಕಣ್ಣಿಗೆ ಕಂಡಿದ್ದು ಈ ನೀರೊಂದೇ ಮೇಷ್ಟ್ರೇ" ಎಂದಳು.