ಬಬ್ಲುವಿನ ಜಡಿ

ನಮ್ಮ ಮನೆಯ ನಾಯಿಗೆ ಜಡೆ ಬಂದಿದೆಯಂತೆ ಎಂದು ಇಳಕಲ್ಲಿನ ನಮ್ಮ ಓಣಿಗೆ ಓಣಿಯೇ ನೋಡಲು ಬಂದಾಗ ನನಗೆ ನಗುವೂ ಬರಲಿಲ್ಲ, ಭಕ್ತಿಯೂ ಬರಲಿಲ್ಲ. ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ. ಇದು ತವರಿನವರಿಗೂ ಗೊತ್ತು, ಗಂಡನಿಗೂ ಗೊತ್ತು.

ನಾಯಿಯ ಹೆಸರು ಬಬ್ಲು. ಪೂಡಲ್ ಮತ್ತು ಲ್ಯಾಬ್ರಡಾರ್ ಬೆರಕೆ. ನಿಂತರೆ ಬೆನ್ನು ನನ್ನ ಸೊಂಟದ ಹತ್ತಿರ ಬರುತ್ತದೆ, ಮೈತುಂಬ ಬೆಲ್ಲದ ಬಣ್ಣದ ಗುಂಗುರು ಕೂದಲು. ನನ್ನ ಗಂಡ ಶ್ರೀಶೈಲ ಗ್ರಾನೈಟ್ ಕಾರ್ಖಾನೆಯಲ್ಲಿ ಮ್ಯಾನೇಜರ್. ಅದರ ಮಾಲೀಕರು ಊರು ಬಿಡುವಾಗ ನಾಯಿಯ ಹಗ್ಗವನ್ನು ಇವರ ಕೈಗೆ ಕೊಟ್ಟು ಹೋದರು. ಹಗ್ಗ ಕೊಟ್ಟವರು ಬಾಚಣಿಗೆ ಕೊಡಲಿಲ್ಲ. ಇಂಥ ನಾಯಿಯ ಕೂದಲು ಅಷ್ಟಾಗಿ ನೆಲಕ್ಕೆ ಉದುರುವುದಿಲ್ಲ, ಉದುರಬೇಕಾದದ್ದು ಒಳಗೇ ಸಿಕ್ಕಿಕೊಂಡು ಗಂಟಾಗುತ್ತದೆ, ದಿನವೂ ಬುಡದ ತನಕ ಬಾಚಬೇಕು ಎಂಬುದನ್ನು ಹೇಳಲೂ ಇಲ್ಲ.

ನನ್ನ ಅತ್ತೆ ಬಸಲಿಂಗವ್ವ ಮೊದಲ ದಿನವೇ ಕಟ್ಟಳೆ ಹಾಕಿದ್ದರು. ನಾಯಿ ಒಳಗೆ ಬರುವುದಾದರೆ ಸೋಮವಾರ ಜಳಕ ಆಗಲೇಬೇಕು. ಸೋಮವಾರ ನಮ್ಮ ಮನೆಯಲ್ಲಿ ಎಲ್ಲರದೂ ತಲೆಸ್ನಾನ. ಸರಿ, ನಾಯಿಯದೂ ಆಯಿತು. ಆರು ತಿಂಗಳಲ್ಲಿ ಒಂದು ಸೋಮವಾರವನ್ನೂ ನಾನು ತಪ್ಪಿಸಲಿಲ್ಲ. ಶಾಂಪೂ ಹಾಕಿ ತಿಕ್ಕುವುದು, ಟವೆಲಿನಿಂದ ಗಸಗಸ ಒರೆಸುವುದು, ಮೇಲೆ ಮೇಲೆ ಬ್ರಷ್ ಆಡಿಸಿ ಬಿಡುವುದು. ನೋಡಿದವರು ಏನು ಚೆಂದ ಇಟ್ಟಿದ್ದೀಯವ್ವ ಎನ್ನುತ್ತಿದ್ದರು. ನಾನೂ ಉಬ್ಬುತ್ತಿದ್ದೆ. ಒಳಗೆ ಬೆರಳು ಹಾಕಿ ನೋಡಿದ್ದರೆ ಆ ಮಾತು ಇರುತ್ತಿರಲಿಲ್ಲ.

ಮೊದಲು ಬೆರಳು ಹಾಕಿದವರು ಅತ್ತೆ. ಬಬ್ಲುವಿನ ಎಡಗಿವಿಯ ಹಿಂದೆ ಹೆಬ್ಬೆರಳಿನಷ್ಟು ದಪ್ಪದ ಗಂಟು, ಗೇಣುದ್ದಕ್ಕೆ ಹೊಸೆದುಕೊಂಡು ಕುತ್ತಿಗೆಯ ಮೇಲೆ ಇಳಿದಿತ್ತು.

"ನೇತ್ರಾ, ಇಲ್ಲಿ ಬಾ. ಇದು ಸಿಕ್ಕಲ್ಲ. ಜಡಿ ಬಂದೈತಿ" ಎಂದರು.

ನಮ್ಮ ಕಡೆ ತಾನಾಗಿ ಹೆಣೆದುಕೊಂಡ ಕೂದಲಿಗೆ ಕತ್ತರಿ ಹಚ್ಚುವುದಿಲ್ಲ. ದೇವರು ಬಂದ ಗುರುತು ಎಂದು ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಹಚ್ಚಿ ಕೈ ಮುಗಿಯುತ್ತಾರೆ. ಹಾಗೆ ಜಡೆ ಬಂದ ಹೆಂಗಸರನ್ನು ನಾನು ನೋಡಿದ್ದೆ. ನಾಯಿಯನ್ನು ನೋಡಿರಲಿಲ್ಲ.

"ಅತ್ತೀ, ಅದು ನಾಯಿ ಐತ್ರಿ."

"ದೇವರಿಗೆ ನಾಯಿ ಬ್ಯಾರೆ, ಮಂದಿ ಬ್ಯಾರೆ ಏನ?"

ಅತ್ತೆ ದೇವರ ಗೂಡಿನಿಂದ ಭಂಡಾರ ತಂದು ಗಂಟಿಗೆ ಹಚ್ಚಿಬಿಟ್ಟರು. ಅಲ್ಲಿಂದ ಅದು ಗಂಟಾಗಿ ಉಳಿಯಲಿಲ್ಲ.

ಬಬ್ಲುವಿಗೆ ಮಾತ್ರ ದೇವರು ಬಂದ ಸಮಾಧಾನ ಯಾವುದೂ ಇರಲಿಲ್ಲ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ಒಂದೇ ಸಮ ತಿರುಗುತ್ತಿದ್ದ. ಕೂತರೆ ಏಳುವುದು, ಎದ್ದರೆ ತಲೆ ಕೊಡವುವುದು, ಕಿವಿಯನ್ನು ಗೋಡೆಗೆ ತಿಕ್ಕುವುದು. ನಾನು ಮನೆಯಲ್ಲೇ ಕುಬಸ ಹೊಲಿಯುವವಳು. ಅವನ ಉಗುರಿನ ಸಪ್ಪಳ ಕೇಳುತ್ತ ಒಂದೇ ಕುಬಸಕ್ಕೆ ಎರಡೂ ಎಡಗಡೆಯ ತೋಳು ಹಚ್ಚಿದೆ. ಬಿಚ್ಚಿ ಮತ್ತೆ ಹಚ್ಚಿದೆ, ಮತ್ತೆ ತಪ್ಪಿತು. ಅಷ್ಟರಲ್ಲಿ ಇಬ್ಬರು ಹೆಂಗಸರು ಕಾಯಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

ಗುರುವಾರ ಕಿವಿಯ ಬುಡದಿಂದ ವಾಸನೆ ಬಂತು. ಇಳಕಲ್ಲಿನ ದನದ ಡಾಕ್ಟರು ರಜೆಯಲ್ಲಿದ್ದರು, ಹುನಗುಂದಕ್ಕೆ ಕರೆದೊಯ್ದೆವು. ಅತ್ತೆಯೂ ಗಾಡಿ ಹತ್ತಿದರು. ಬಬ್ಲುವಿನ ಮೇಲಿನ ಮಮತೆಯಿಂದಲೇ ಹತ್ತಿದರು, ಅದರಲ್ಲಿ ಸುಳ್ಳಿಲ್ಲ. ಅಲ್ಲಿಯ ಡಾಕ್ಟರ್ ಅರ್ಷದ್ ಬಬ್ಲುವಿನ ಕಿವಿ ಎತ್ತಿ ನೋಡಿ ನನ್ನ ಕಡೆ ತಿರುಗಿದರು.

"ಜಳಕ ಮಾಡಸೂಕಿಂತ ಮೊದಲ ಬಾಚತಿದ್ರೇನ್ರಿ?"

"ಇಲ್ರಿ."

"ಅದs ತಪ್ಪಾತು ನೋಡ್ರಿ. ಗಂಟಿಗೆ ನೀರು ಬಿದ್ದಷ್ಟೂ ಬಿಗೀತೈತಿ. ಒಳಗ ಹಸಿ ಉಳದು ಚರ್ಮ ಕೊಳಿಯಾಕ ಹತ್ತೈತಿ. ಕಿವಿಗೆ ರಕ್ತ ಹೋಗೂದು ಕಡಿಮಿ ಆಗೈತಿ. ಇದನ್ನ ಈಗs ತಗದಬಿಡೂಣು."

"ಔಷಧ ಹಾಕ್ರಿ ಸಾಹೇಬ್ರ, ಕತ್ತರಿ ಬ್ಯಾಡ" ಎಂದು ಅತ್ತೆ ಬಬ್ಲುವಿನ ತಲೆಯನ್ನು ಎರಡೂ ಕೈಯಿಂದ ಮುಚ್ಚಿದರು. ಡಾಕ್ಟರು ಭಂಡಾರದ ಹಳದಿ ನೋಡಿದರು, ನನ್ನ ಮುಖ ನೋಡಿದರು. ನಾನು ಗಂಡನ ಮುಖ ನೋಡಿದೆ. ಶ್ರೀಶೈಲ ಗೋಡೆಯ ಮೇಲಿದ್ದ ಎಮ್ಮೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ರವಿವಾರದೊಳಗ ತಗೀಲಿಲ್ಲಂದ್ರ ಕಿವಿ ಉಳಿಯಂಗಿಲ್ಲ. ಆಮ್ಯಾಲ ನನ್ನ ಕೇಳಬ್ಯಾಡ್ರಿ" ಎಂದು ಡಾಕ್ಟರು ಪುಡಿಯನ್ನೂ ತೊಳೆಯುವ ಔಷಧವನ್ನೂ ಕೊಟ್ಟರು.

ಆರು ತಿಂಗಳು ಮಡಿ ಮಡಿ ಎಂದು ನಾನೇ ನೀರು ಹುಯ್ದು ಹುಯ್ದು ಆ ಗಂಟನ್ನು ಬಿಗಿದಿದ್ದೆ. ದಾರಿಯಲ್ಲಿ ಅತ್ತೆಯ ಜೊತೆ ಜಗಳ ತೆಗೆದೆ. ಕೊನೆಗೆ ಅವರು, "ನಮ್ಮಕ್ಕ ಬಂದು ನೋಡ್ಲಿ. ಆಕಿ ಕತ್ತರಸು ಅಂದ್ರ ಕತ್ತರಸು. ಬ್ಯಾಡ ಅಂದ್ರ ಮುಟ್ಟಬ್ಯಾಡ" ಎಂದರು.

ಅವರ ಅಕ್ಕ ರಾಮವ್ವ ಬಾದಾಮಿಯಲ್ಲಿ ತಮ್ಮನ ಮನೆಯಲ್ಲಿರುವವರು. ಹದಿನಾರಕ್ಕೆ ಜಡೆ ಬಂತು, ಮದುವೆ ಮಾಡಲಿಲ್ಲ. ಈಗ ಅರವತ್ತೈದು. ಇಡೀ ಜಡೆಯನ್ನು ಹಳದಿ ಅರಿವೆಯಲ್ಲಿ ಸುತ್ತಿ ತಲೆಯ ಮೇಲೆ ಕಟ್ಟಿಕೊಂಡಿರುತ್ತಾರೆ. ಎಲ್ಲಿ ಹೋದರೂ ಜನ ಕಾಲಿಗೆ ಬೀಳುತ್ತಾರೆ, ಕುಬಸದ ಬಟ್ಟೆಯ ಕಣ ಕೊಡುತ್ತಾರೆ. ಅವರ ಮಾನವೆಲ್ಲ ಆ ಜಡೆಯಲ್ಲೇ ಇರುವಾಗ, ಜಡೆಗೆ ಕತ್ತರಿ ಹಚ್ಚು ಎಂದು ಅವರು ಹೇಗೆ ಅಂದಾರು? ಬಬ್ಲುವಿನ ಕಿವಿ ಹೋಯಿತು ಎಂದೇ ನಾನು ತಿಳಿದೆ. ಶುಕ್ರವಾರವಿಡೀ ನಾನೂ ಅವನೂ ಪಡಸಾಲೆ, ಹಿತ್ತಲು ತಿರುಗಿದೆವು. ಅತ್ತೆಗೆ ತಿಳಿಯದಂತೆ ಕತ್ತರಿಸಿಬಿಡೋಣ ಎಂದು ಎರಡು ಸಲ ಕತ್ತರಿ ಹಿಡಿದೆ. ಎರಡು ಸಲವೂ ತಿರುಗಿ ಡಬ್ಬಿಯಲ್ಲಿಟ್ಟೆ. ಭಂಡಾರ ಹಚ್ಚಿದ್ದನ್ನು ಕತ್ತರಿಸುವ ಧೈರ್ಯ ನನಗೂ ಇರಲಿಲ್ಲ, ಸುಮ್ಮನೆ ಯಾಕೆ ಸುಳ್ಳು ಹೇಳಲಿ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ರಾಮವ್ವ ಬಂದರು. ಹೊಸ್ತಿಲಲ್ಲೇ ಅತ್ತೆ ಅಕ್ಕನ ಕಾಲಿಗೆ ನೀರು ಹಾಕಿ ನಮಸ್ಕಾರ ಮಾಡಿದರು. ರಾಮವ್ವ ಚಹಾ ಕೂಡ ಬೇಡವೆಂದು ನೇರ ಹೋಗಿ ಬಬ್ಲುವಿನ ಎದುರು ನೆಲಕ್ಕೆ ಕೂತರು. ಅವನು ಗುರ್ ಎಂದ. ಅವರು ಕೈ ಹಿಂದೆ ತೆಗೆಯಲಿಲ್ಲ, ಮುಂದಕ್ಕೂ ತರಲಿಲ್ಲ. ಅವನು ಮೂಸಿ ಸುಮ್ಮನಾದ ಮೇಲೆ ಬೆರಳನ್ನು ಮೆಲ್ಲಗೆ ಗಂಟಿನ ಬುಡಕ್ಕೆ ಒಯ್ದರು.

"ಯಾವ ಮಗ್ಗಲಕ್ಕ ಮಲಗತೈತಿ?" ಎಂದು ನನ್ನನ್ನು ಕೇಳಿದರು.

"ಮಲಗಂಗs ಇಲ್ರಿ ದೊಡ್ಡವ್ವಾರ."

"ಎಲ್ಲಿ ಮಲಗಾಕ ಆಕ್ಕೈತಿ? ಬುಡದಾಗ ಜಗ್ಗತೈತಿ. ಬ್ಯಾಸಗ್ಯಾಗ ಬೆವರ ಇಳದ್ರ ಬೆಂಕಿ ಇಟ್ಟಂಗ ಉರೀತೈತಿ. ಕೆರಕೋಬೇಕಂದ್ರ ಬೆರಳ ಒಳಗ ಹೋಗಂಗಿಲ್ಲ."

ಬಬ್ಲು ಈ ಮನೆಗೆ ಬಂದದ್ದೇ ಬೇಸಿಗೆ ಕಳೆದ ಮೇಲೆ. ಅವರು ನಾಯಿಯ ಮಾತು ಹೇಳುತ್ತಿಲ್ಲ ಎಂದು ನನಗೆ ಆಗ ತಿಳಿಯಿತು. ಅತ್ತೆಗೆ ಇನ್ನೂ ತಿಳಿದಿರಲಿಲ್ಲ.

"ಅಕ್ಕಾ, ಭಂಡಾರ ಹಚ್ಚೇನಿ…"

"ದೇವರಿಗೆ ನಾ ಹೇಳ್ಕೋತೇನಿ. ನೇತ್ರಾ, ಕತ್ತರಿ ತಾ."

ತಂದೆ. ಹೊಲಿಗೆಯ ದೊಡ್ಡ ಕತ್ತರಿಯಲ್ಲ, ದಾರ ಕತ್ತರಿಸುವ ಸಣ್ಣದು. ಚರ್ಮ ಮತ್ತು ಗಂಟಿನ ನಡುವೆ ಬಾಚಣಿಗೆ ತೂರಿಸಿ, ಬಾಚಣಿಗೆಯ ಮೇಲುಗಡೆಯಷ್ಟೇ ಕತ್ತರಿಸುತ್ತ ಹೋದೆ. ಹಾಗೆ ಮಾಡಿದರೆ ಕಿವಿಗೆ ಅಲಗು ತಾಗುವುದಿಲ್ಲ. ಒಂದೊಂದು ಕೂದಲಿಗೂ ಬಬ್ಲು ಮೈ ಸೆಟೆಸುತ್ತಿದ್ದ. ರಾಮವ್ವ ಅವನ ದವಡೆ ಹಿಡಿದು, "ಆತು, ಆತು, ಇನ್ನೊಂದ ಚೂರು" ಎನ್ನುತ್ತಿದ್ದರು. ಅರ್ಧ ತಾಸಿಗೆ ಗಂಟು ಕಂಬಳಿಯ ತುಂಡಿನಂತೆ ಇಡಿಯಾಗಿ ಕೈಗೆ ಬಂತು. ಅದರ ಕೆಳಗೆ ಕೀವು, ಕೆಂಪಗೆ ಬೆಂದ ಚರ್ಮ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಕಿವಿ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಕಿವಿ ಉಳಿದಿತ್ತು.

ತೊಳೆದು, ಒರೆಸಿ, ಪುಡಿ ಹಾಕಿದ ಮೇಲೆ ಬಬ್ಲು ತಲೆ ಕೊಡವಿದ. ಪಡಸಾಲೆಯಲ್ಲಿ ಒಂದು ಸುತ್ತು ಹಾಕಿದ, ಏನೋ ಕಳೆದುಹೋದಂತೆ ನಿಂತು ನೋಡಿದ. ಆಮೇಲೆ ರಾಮವ್ವನ ಕಾಲ ಹತ್ತಿರ ಬಿದ್ದುಕೊಂಡು, ಐದು ನಿಮಿಷವೂ ಆಗಿರಲಿಲ್ಲ, ಗೊರಕೆ ಹೊಡೆದ.

ಅತ್ತೆ ನೆಲದ ಮೇಲಿದ್ದ ಗಂಟನ್ನು ನೋಡಿದರು. ಮೆಲ್ಲಗೆ ಕಣ್ಣೆತ್ತಿ ಅಕ್ಕನ ತಲೆಯ ಮೇಲಿನ ಹಳದಿ ಅರಿವೆಯನ್ನು ನೋಡಿದರು.

"ಅಕ್ಕಾ… ನಿನಗೂ ಹಿಂಗs ಆಗತೈತೇನ? ಒಂದ ದಿನಾನೂ ನಮ್ಮ ಮುಂದ ಹೇಳಲಿಲ್ಲಲ್ಲ?"

ರಾಮವ್ವ ಸಿಟ್ಟಾಗಲಿಲ್ಲ. ಬಬ್ಲುವಿನ ಬೆನ್ನ ಮೇಲೆ ಕೈಯಾಡಿಸುತ್ತಲೇ ಹೇಳಿದರು:

"ಹೇಳಿದ್ನಲ್ಲ ತಂಗಿ. ಮೊದಲನೇ ವರ್ಷ ದಿನಾ ಹೇಳಿದ್ನಿ. ನೀವು ಕಾಲಿಗೆ ಬಿದ್ರಿ."