ಖಾಲಿ ಗಾಡಿಯ ಸದ್ದು

ಜನವರಿಯ ಮಂಜು ಲೂಧಿಯಾನದ ಆ ಓಣಿಯನ್ನು ಬೆಳಗಿನಿಂದಲೇ ನುಂಗಿತ್ತು. ಗುರುದ್ವಾರದ ಮಹಡಿ ಕೋಣೆಯ ಕಿಟಕಿಯಾಚೆ ಏನೂ ಇರಲಿಲ್ಲ. ಲೋಕವನ್ನು ಯಾರೋ ಎಳೆ ಎಳೆಯಾಗಿ ಬಿಚ್ಚಿ ಉಂಡೆ ಸುತ್ತಿಟ್ಟಂತಿತ್ತು. ಒಳಗೆ ಐದು ಹೆಣಿಗೆ ಮಶಿನ್, ಕಲಿಯಲು ಬಂದ ನಾಲ್ವರು ಹೆಂಗಸರು, ಅವರೆದುರು ಕಲಿಸುವ ನಿರ್ಲೇಪ್ ಕೌರ್.

ಸೋಮವಾರ ಏಳು ಜನ ಬಂದಿದ್ದರು. ಇವತ್ತು ಗುರುವಾರ. ಇನ್ನೊಬ್ಬರು ಬಿಟ್ಟರೂ ಕೋಣೆಯನ್ನು ಮೆಹಂದಿ ಕಲಿಸುವವರಿಗೆ ಕೊಟ್ಟುಬಿಡುವುದಾಗಿ ಕಾರ್ಯದರ್ಶಿ ಗುರ್‌ದಿತ್ ಸಿಂಗ್ ಹೇಳಿದ್ದರು. ಆಮೇಲೆ ನಿರ್ಲೇಪ್‌ಗೆ ಮತ್ತೆ ಮನೆಯ ವರಾಂಡವೇ ಗತಿ. ಇಪ್ಪತ್ತೆರಡು ವರ್ಷ ಅಲ್ಲಿ ಗೋಡೆಗೆ ಮುಖಮಾಡಿ ಮಶಿನ್‌ನಲ್ಲಿ ಸ್ವೆಟರ್ ಹೆಣೆದಿದ್ದಳು. ಗೋಡೆ ಪ್ರಶ್ನೆ ಕೇಳುವುದಿಲ್ಲ. ಆದರೂ ಅದರ ಮುಖ ನೋಡಿ ನೋಡಿ ಸಾಕಾಗಿತ್ತು.

ಕೈಗೆ ಗೊತ್ತಿದ್ದದ್ದು ಬಾಯಿಗೆ ಬರುತ್ತಿರಲಿಲ್ಲ. ಹಾಗಾಗಿ ಮೂರು ದಿನವೂ ಮಶಿನ್ ಜೊತೆ ಬಂದ ಪುಸ್ತಕವನ್ನೇ ಓದಿ ಹೇಳಿದ್ದಳು. ಇವತ್ತೂ ಅದನ್ನು ತೆರೆಯುವಷ್ಟರಲ್ಲಿ ಎದುರಿನಿಂದ ‘ಧೊಪ್’ ಎಂದಿತು. ಮುದುಕಿ ಬಚನ್ ಕೌರ್ ಎಳೆ ಹಾಕದೆಯೇ ಸೂಜಿಗಳ ಸಾಲಿನ ಮೇಲೆ ಅತ್ತಿಂದಿತ್ತ ಜಾರುವ ಮಶಿನ್‌ನ ಗಾಡಿಯನ್ನು ಓಡಿಸಿದ್ದಳು. ಒಂದು ಮೊಳ ಹೆಣಿಗೆ ಸೂಜಿಗಳಿಂದ ಕಳಚಿ, ತುದಿಗೆ ಕಟ್ಟಿದ ತೂಕಗಳ ಸಮೇತ ನೆಲಕ್ಕೆ ಬಿದ್ದಿತ್ತು.

“ಹೋಯ್ತು ಬಿಡಮ್ಮ ಪುತ್ತರ್. ಈ ಮಶಿನ್‌ಗೆ ನನ್ನ ಕಂಡ್ರೆ ನನ್ನ ಸೊಸೆಗಿಂತ ಜಾಸ್ತಿ ಸಿಟ್ಟು,” ಎನ್ನುತ್ತ ಬಚನ್ ಕೌರ್ ಶಾಲು ಹೊದ್ದುಕೊಂಡು ಎದ್ದಳು. “ನಾಳೆಯಿಂದ ಬರಲ್ಲ.”

“ಬೀಜಿ, ಎಳೆ ಇಲ್ದೇ ಇದ್ದದ್ದು ಕೇಳಿಸ್ಲಿಲ್ವಾ ನಿಮಗೆ?” ನಿರ್ಲೇಪ್ ಬಾಯಿಂದ ತಾನಾಗಿಯೇ ಬಂತು.

“ಕೇಳ್ಸೋದಾ? ಕಣ್ಣೇ ಸರಿಯಾಗಿ ಕಾಣ್ಸಲ್ಲ, ಇವಳು ಕಿವಿ ವಿಚಾರ ಮಾತಾಡ್ತಾಳೆ!”

ಉಳಿದವರು ನಕ್ಕರು. ನಿರ್ಲೇಪ್ ನಗಲಿಲ್ಲ. ಇವರಿಗೆ ಕೇಳಿಸುವುದಿಲ್ಲ ಎಂಬುದು ಅವಳಿಗೆ ಈಗಷ್ಟೇ ಹೊಳೆದಿತ್ತು. ವರಾಂಡದಲ್ಲಿ ಅವಳು ಎಂದೂ ಸೂಜಿ ನೋಡಿದವಳಲ್ಲ. ಕಣ್ಣು ಮುಚ್ಚಿ, ಅರ್ಧ ನಿದ್ದೆಯಲ್ಲಿ, ಸದ್ದು ಹಿಡಿದೇ ಹೆಣೆದವಳು. ಎಳೆ ಇದ್ದರೆ ಗಾಡಿಯ ಸದ್ದು ತುಂಬಿದ ಕೊಡ ತಟ್ಟಿದಂತೆ; ಇಲ್ಲದಿದ್ದರೆ ಒಣಗಿದ ಎಲೆಯ ಮೇಲೆ ನಡೆದಂತೆ.

ಅವಳು ಪುಸ್ತಕ ಮುಚ್ಚಿದಳು. ನಿನ್ನೆಯಿಡೀ ತಾನೇ ಹೆಣೆದ ನೀಲಿ ತೋಳು ಮೇಜಿನ ತುದಿಯ ಮಶಿನ್‌ನಲ್ಲಿ ತೂಗುತ್ತಿತ್ತು.

“ಎಲ್ಲಾರೂ ಕಣ್ಣು ಮುಚ್ಚಿ. ಬೀಜಿ, ನೀವೂನೂ. ಒಂದೇ ಸಲ ಕೇಳಿ, ಆಮೇಲೆ ಬೇಕಾದ್ರೆ ಹೋಗಿ.”

ಖುರ್ರ್, ಖುರ್ರ್. ಐದಾರು ಸಲ ಗಾಡಿ ಎಳೆಯೊಂದಿಗೆ ಓಡಿತು. ಕೋಣೆಯ ಗಾಳಿಯಲ್ಲಿ ಉಣ್ಣೆಯ ಧೂಳು ತೇಲುತ್ತಿತ್ತು. ಆಮೇಲೆ ಅವಳು ಎಳೆಯನ್ನು ತೆಗೆದು ಗಾಡಿ ನೂಕಿದಳು. ಸದ್ದು ತೆಳ್ಳಗಾಯಿತು. ನೀಲಿ ತೋಳು ಒಂದೊಂದೇ ಸೂಜಿ ಬಿಟ್ಟು ಇಳಿದು ಬಿತ್ತು. ಅದು ಬೀಳುವುದಕ್ಕೆ ಬಹಳ ಹೊತ್ತು ಹಿಡಿದಂತೆ ಅವಳಿಗೆ ಅನ್ನಿಸಿತು.

“ಅಯ್ಯೋ ಭೈಣ್‌ಜಿ, ಒಳ್ಳೇ ತೋಳು!” ಮೊದಲು ಕಣ್ಣು ತೆರೆದವಳು ಹೊಸ ಮದುವಣಗಿತ್ತಿ ರಮಣೀಕ್.

“ಏನೂ ಆಗಿಲ್ಲ, ನೋಡು. ಎಳೀಬೇಡ. ಕುಣಿಕೆಗಳೆಲ್ಲ ಬಾಯಿ ತೆರಕೊಂಡು ಹಾಗೇ ನಿಂತಿವೆ. ಒಂದೊಂದಾಗಿ ಸೂಜಿಗೆ ಏರಿಸಿದ್ರೆ ಆಯ್ತು. ಈಗ ನೀವೆಲ್ಲಾ ಬೀಳಿಸಿ.”

“ಬೇಕಂತಲೇ?”

“ಬೇಕಂತಲೇ.”

ಬಚನ್ ಕೌರ್ ಶಾಲು ತೆಗೆದಿಟ್ಟು ಮತ್ತೆ ಕೂತಳು. “ನಂದು ಆಗ್ಲೇ ಬಿದ್ದಾಯ್ತು. ಎಲ್ಲರಿಗಿಂತ ಮುಂದಿದೀನಿ ನಾನು.”

ಧೊಪ್. ಧೊಪ್. ಮೂರನೆಯದು ಬೀಳುವ ಮೊದಲೇ ರಮಣೀಕ್ ಕಣ್ಣು ಮುಚ್ಚಿಕೊಂಡೇ ಕೂಗಿದಳು: “ಕೇಳಿಸ್ತು! ಒಣ ಸದ್ದು!”

ಬಾಗಿಲು ತೆರೆಯಿತು. ಗುರ್‌ದಿತ್ ಸಿಂಗ್ ನೆಲದ ಮೇಲೆ ಬಿದ್ದ ಹೆಣಿಗೆಗಳನ್ನೂ, ಮೊಣಕಾಲೂರಿ ಕೂತ ಹೆಂಗಸರನ್ನೂ ನೋಡಿದರು.

“ಇದೇನ್ರೀ, ಎಲ್ಲಾ ಕೆಡವಿ ಕೂತಿದೀರಿ?”

ನಿರ್ಲೇಪ್ ತಲೆಯೆತ್ತಿದಳು. “ಇವತ್ತಿನ ಪಾಠ ಅದೇ, ಸರ್ದಾರ್‌ಜಿ. ಬಾಗಿಲು ಹಾಕ್ಕೊಂಡು ಹೋಗಿ. ನಮಗೆ ಸದ್ದು ಕೇಳಿಸ್ಬೇಕು.”