ಕಲ್ಲುಕ್ವಾರಿಯ ಕಡೆಯ ಷರತ್ತು

ಕಾರಿನಿಂದ ಇಳಿಯದೆ ಕ್ವಾರಿ ತಪಾಸಣೆ ಮಾಡುವುದರಲ್ಲಿ ವ್ಯಾಸರಾಯರದು ಎತ್ತಿದ ಕೈ. ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿರುವ ಒಂದು ಪರಿಸರ ಸಲಹಾ ಕಂಪನಿಯಲ್ಲಿ ಅವರದು ಇಪ್ಪತ್ತೆರಡು ವರ್ಷದ ಸರ್ವೀಸು. ಕಲ್ಲು ತೆಗೆಯಲು ಅನುಮತಿ ಕೊಡುವಾಗ ಸರ್ಕಾರ ಒಂದಷ್ಟು ಷರತ್ತು ಹಾಕುತ್ತದೆ. ಬೇಲಿ ಇರಬೇಕು, ಧೂಳಿಗೆ ನೀರು ಹೊಡೆಯಬೇಕು, ಕಲ್ಲು ತೆಗೆದ ಮೇಲೆ ಆ ಜಾಗದಲ್ಲಿ ಹಸಿರು ಬೆಳೆಸಬೇಕು. ಇವನ್ನೆಲ್ಲ ಪಾಲಿಸಿದ್ದಾರೋ ಇಲ್ಲವೋ ಎಂದು ಆಗಾಗ ಬಂದು ನೋಡಿ ವರದಿ ಬರೆಯುವುದು ಅವರ ಕೆಲಸ. ಬರೆಯುವುದರಲ್ಲಿ ಅವರೆಂದೂ ಸೋತವರಲ್ಲ, ನೋಡುವುದರಲ್ಲಿ ಮಾತ್ರ ಕೊಂಚ ಸೋಮಾರಿ. ಇಷ್ಟು ವರ್ಷಗಳಲ್ಲಿ ನಲವತ್ತಕ್ಕೂ ಹೆಚ್ಚು ಗುಂಡಿ ನೋಡಿದ್ದರು. ಎಲ್ಲ ಕಡೆಯೂ ಗೇಟಿನ ಹತ್ತಿರ ಎರಡು ಸಾಲು ಒಣಗಿದ ಬೇವಿನ ಸಸಿ, ಒಳಗೆ ಬೋಳು ಬಂಡೆ. ‘ಸಸಿಗಳು ಬದುಕಿವೆ, ಷರತ್ತು ಪಾಲಿಸಲಾಗಿದೆ’ ಎಂದು ಬರೆಯುವಾಗ ಅವರು ಈಗ ಎರಡು ಸಲ ಯೋಚಿಸುತ್ತಲೂ ಇರಲಿಲ್ಲ.

ಮಾರ್ಚ್ ತಿಂಗಳ ಆ ಬೆಳಗ್ಗೆ ಅವರು ಪಲ್ಲಡಂ ಆಚೆಯ ಒಂದು ಜಲ್ಲಿ ಕ್ವಾರಿಗೆ ಬಂದಿದ್ದರು. ಕಲ್ಲು ಮುಗಿದು ಐದು ವರ್ಷ ಆಗಿತ್ತು. ಇದು ಕೊನೆಯ ವರದಿ. ಇದಕ್ಕೊಂದು ಸಹಿ ಬಿದ್ದರೆ ಮಾಲೀಕರು ಗುತ್ತಿಗೆಯನ್ನು ಸರ್ಕಾರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳಬಹುದು. ಮ್ಯಾನೇಜರ್ ಮೋಹನ್‌ರಾಜ್ ಎಳನೀರು ಕೊಚ್ಚಿಸಿ ಕಾರಿನ ಕಿಟಕಿಗೇ ತಂದುಕೊಟ್ಟ. ವರದಿಯೂ ಟೈಪಾಗಿ ಬಂದಿತ್ತು. ಹತ್ತೊಂಬತ್ತು ಷರತ್ತು, ಹತ್ತೊಂಬತ್ತರ ಎದುರಿಗೂ ‘ಪಾಲಿಸಲಾಗಿದೆ’.

ಗೇಟಿನ ಪಕ್ಕದಲ್ಲಿ ನಲವತ್ತೈದರ ಹೆಂಗಸೊಬ್ಬಳು ಫೋನಿನಲ್ಲಿ ಮಾತಾಡುತ್ತ ನಿಂತಿದ್ದಳು. ಕ್ವಾರಿಯ ಕಾವಲು ಅವಳದು, ಹೆಸರು ಚಂದ್ರಾ. ಮೋಹನ್‌ರಾಜನ ಜೊತೆ ತಮಿಳಿನಲ್ಲಿ ವಿನಯವಾಗಿ ಮಾತಾಡಿದವಳು, ಫೋನಿನಲ್ಲಿ ಗಂಡನಿಗೆ ಧಾರಾಳವಾಗಿ ಕನ್ನಡದಲ್ಲಿ ಹೇಳುತ್ತಿದ್ದಳು: “ಬಂದವ್ರೆ. ಆದ್ರೆ ಈ ಮುದುಕಪ್ಪ ಕಾರು ಬಿಟ್ಟು ಇಳಿಯೋ ಹಂಗೆ ಕಾಣಲ್ಲ. ಹೋದ ವರ್ಷದಂಗೆ ಕುಂತಲ್ಲೇ ಎಳುದಿ ಓಡ್ತಾನೆ, ನೋಡ್ತಿರು.” ಬರೆಯುವುದಕ್ಕೆ ಅವಳು ತಮಿಳಿನಂತೆ ‘ಎಳುದು’ ಎನ್ನುತ್ತಿದ್ದಳು.

ವ್ಯಾಸರಾಯರಿಗೆ ಎಳನೀರು ನೆತ್ತಿಗೇರಿತು. ಅವರ ಮನೆಮಾತೂ ಕನ್ನಡವೇ. ತಾತನ ಕಾಲದಿಂದ ಕೊಯಮತ್ತೂರಿನಲ್ಲಿದ್ದರೂ ಅಡುಗೆಮನೆಯಲ್ಲಿ ಬೇರೆ ಮಾತು ನುಸುಳಿರಲಿಲ್ಲ. ಸತ್ಯ ಹೇಳಿದವರ ಮೇಲೆ ಬರುವಷ್ಟು ಸಿಟ್ಟು ಸುಳ್ಳು ಹೇಳಿದವರ ಮೇಲೆ ಬರುವುದಿಲ್ಲ. ಧಡ್ಡನೆ ಬಾಗಿಲು ತೆರೆದು ಇಳಿದರು.

“ಮುದುಕಪ್ಪ ಇಳಿದಿದ್ದಾನಮ್ಮಾ. ದಾರಿ ತೋರಿಸು.”

ಚಂದ್ರಾ ನಾಲಿಗೆ ಕಚ್ಚಿಕೊಂಡಳು. “ಅಯ್ಯೋ ಸಾಮಿ, ನೀವೂ ನಮ್ಮ ಮಾತಾ? ತಪ್ಪಾಯ್ತು, ಮನಸಲ್ಲಿ ಇಟ್ಕೋಬೇಡಿ.” ಹೇಳಿದ ಬಾಯಲ್ಲೇ ನಗುವೂ ಬಂದುಬಿಟ್ಟಿತು. “ವಾಂಗ, ಬನ್ನಿ, ಕೆಳಗಡೆ ತೋರಿಸ್ತೀನಿ.”

“ಒಳಗೇನಿದೆ ಸಾರ್ ನೋಡೋಕೆ, ಬರೀ ಗುಂಡಿ,” ಎಂದು ಮೋಹನ್‌ರಾಜ್ ತಮಿಳಿನಲ್ಲಿ ಗೊಣಗಿದ. ವ್ಯಾಸರಾಯರು ಆಗಲೇ ಬೇಲಿ ದಾಟಿದ್ದರು.

ಅಂಚಿಗೆ ಬಂದು ಕೆಳಗೆ ನೋಡಿದವರು ನಿಂತೇಬಿಟ್ಟರು. ನೂರಿಪ್ಪತ್ತು ಅಡಿ ಆಳದ ಗುಂಡಿ, ತಳದಲ್ಲಿ ಮಳೆನೀರು. ಅದೇನೂ ಹೊಸದಲ್ಲ. ಆದರೆ ಬಂಡೆಯನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿದಿದ್ದ ಮೂರು ದೊಡ್ಡ ಹಂತಗಳ ಉದ್ದಕ್ಕೂ ಮರಗಳಿದ್ದವು. ಬೇವು, ಹೊಂಗೆ, ಅತ್ತಿ, ಅರಳಿ. ಆಳೆತ್ತರದವು, ಕೆಲವು ಅದಕ್ಕೂ ಮೇಲೆ. ಹಂತದ ಮೇಲೆ ಅಲ್ಲಲ್ಲಿ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ನೀಲಿ ಡ್ರಮ್ಮು. ಒಂದೊಂದು ಡ್ರಮ್ಮಿನಿಂದಲೂ ಹತ್ತು ಹನ್ನೆರಡು ಬಿಳಿ ಎಳೆಗಳು ಹೊರಟು, ಒಂದಕ್ಕೊಂದು ತಾಗದೆ ಬಿಗಿಯಾಗಿ ಹಾದು, ಒಂದೊಂದು ಮರದ ಬುಡದಲ್ಲಿ ಮುಗಿಯುತ್ತಿದ್ದವು. ನೇಕಾರರ ಬೀದಿಯಲ್ಲಿ ಬೆಳಗಿನ ಹೊತ್ತು ಉದ್ದಕ್ಕೆ ಹಾಸು ಕಟ್ಟಿ ಗಂಜಿ ಹಾಕುತ್ತಾರಲ್ಲ, ಹಾಗಿತ್ತು. ಇಡೀ ಗುಂಡಿಗೆ ಯಾರೋ ಮಗ್ಗ ಹೂಡಿದಂತಿತ್ತು.

“ಇದೇನಮ್ಮಾ ಇದು?” ಎಂದು ಕೇಳಿದರು.

“ಬತ್ತಿ ಸಾಮಿ. ದೀಪಕ್ಕೆ ಎಣ್ಣೆ ಏರ್ತದಲ್ಲ, ಅಪ್ಪಡಿಯೇ ಇದ್ರಲ್ಲಿ ನೀರು ಹೋಗ್ತದೆ.”

ಅವಳು ಮುಂದೆ, ಅವರು ಹಿಂದೆ, ಗೋಡೆ ಹಿಡಿದುಕೊಂಡು ಇಳಿದರು. ಇಳಿಯುತ್ತ ಅವಳು ಕಥೆ ಹೇಳಿದಳು. ಈ ಗುಂಡಿಯಿರುವ ಜಾಗ ಮೊದಲು ಅವಳ ಮಾವನ ಮೂರು ಎಕರೆ ಜೋಳದ ಹೊಲ. ಮಾರಿದ್ದಾಗಿತ್ತು, ಅದರ ಬಗ್ಗೆ ಅವಳಿಗೆ ದೂರಿರಲಿಲ್ಲ. ಆದರೆ ಬೋಳಾಗಿ ಬಿದ್ದಿದ್ದನ್ನು ದಿನಾ ನೋಡಲಾಗಲಿಲ್ಲ. ಕ್ವಾರಿ ತೋಡುವ ಮೊದಲು ಕೆರೆದು ರಾಶಿ ಹಾಕಿದ್ದ ಮೇಲ್ಮಣ್ಣು ಮೂಲೆಯಲ್ಲಿತ್ತು. ಅದನ್ನು ತಲೆಯ ಮೇಲೆ ಹೊತ್ತು ಹಂತಗಳಿಗೆ ತುಂಬಿದಳು. ಕ್ವಾರಿಯವರು ಲೆಕ್ಕಕ್ಕೆಂದು ತರಿಸಿ ಬಿಸಾಡಿದ್ದ ಸಸಿಗಳನ್ನು ನೆಟ್ಟಳು. ಬಿಂದಿಗೆಯಲ್ಲಿ ಹೊಯ್ದ ನೀರು ಕಾದ ಬಂಡೆಯ ಮೇಲೆ ಅರ್ಧ ದಿನವೂ ನಿಲ್ಲಲಿಲ್ಲ. ಅದಕ್ಕೇ ಬತ್ತಿಯ ಯೋಚನೆ.

“ಮೊದಲ್ನೇ ವರ್ಷ ಮುಟ್ಟಾಳ್ ಕೆಲ್ಸ ಮಾಡ್ದೆ ಸಾಮಿ. ನಮ್ಮ ಮನೆ ಮಗ್ಗದಲ್ಲಿ ಪಾವು, ಹಾಸು ಮುಗಿದ ಮೇಲೆ ಕಡೆ ನೂಲು ಉಳೀತದಲ್ಲ, ಅದ್ನೇ ಹೊಸೆದು ಹಾಕ್ದೆ. ಗಂಜಿ ಹಾಕಿದ ನೂಲು! ಗಂಜಿ ಇದ್ರೆ ಎಳೆಗೆ ಗಟ್ಟಿ ಅಂತ ಚಿಕ್ಕಂದಿಂದ ಕೈಗೆ ಬಂದ ಬುದ್ಧಿ. ನೀರು ಒಂದು ಗೇಣೂ ಹೋಗ್ಲಿಲ್ಲ. ಇರುವೆ, ಅಳಿಲು ಬಂದು ಗಂಜಿ ರುಚಿಗೆ ನೂಲು ಪೂರಾ ತಿಂದ್ವು. ನೂರು ಸಸಿ ಸುಟ್ಟೋಯ್ತು. ಮೂರು ದಿನ ಅನ್ನ ಸೇರ್ಲಿಲ್ಲ.”

“ಆಮೇಲೆ?”

“ಬಟ್ಟೆ ಒಗೆಯೋ ಸೋಡಾ ಹಾಕಿ ಕುದಿಸಿ ಗಂಜಿ ಬಿಡಿಸ್ದೆ. ಆಮೇಲೆ ಗುಟುಗುಟು ಕುಡೀತು ನೋಡಿ.”

ಎರಡನೇ ಹಂತದಲ್ಲಿ ವ್ಯಾಸರಾಯರು ಕೂತರು. ಒಂದು ಬತ್ತಿಯ ತುದಿಯಲ್ಲಿ ಹನಿ ಮೂಡುತ್ತಿತ್ತು. ಸಣ್ಣದಾಗಿ ಕಾಣಿಸಿಕೊಂಡು, ನಿಧಾನವಾಗಿ ದುಂಡಗಾಗಿ, ಇನ್ನೂ ಬೀಳದೆ ತಡೆದು, ಕೊನೆಗೆ ಬುಡಕ್ಕೆ ಬಿತ್ತು. ಇನ್ನೊಂದು ಹನಿ ಮೂಡಿತು. ಬಿಸಿಲೇರಿದ ಮೇಲೆ ಎಳೆಗಳ ಮೇಲೆ ತೆಂಗಿನ ಗರಿ ಮುಚ್ಚುತ್ತೇನೆ, ಇಲ್ಲದಿದ್ದರೆ ಅರ್ಧ ನೀರು ಗಾಳಿಗೇ ಹೋಗುತ್ತದೆ ಎಂದು ಅವಳು ಹೇಳುತ್ತಿದ್ದಳು.

“ಇದ್ನ ನೋಡಿ,” ಎಂದು ಅತ್ತಿಮರದ ಬುಡದ ಮಣ್ಣನ್ನು ಬೆರಳಿನಿಂದ ಸರಿಸಿದಳು. ನೂಲಿಗಿಂತ ತುಸು ದಪ್ಪದ ಬೇರೊಂದು ಬಂಡೆಯ ಬಿರುಕಿನೊಳಗೆ ಇಳಿದಿತ್ತು. ಆ ಬಂಡೆಯನ್ನು ಒಡೆಯಲು ಎಷ್ಟು ಪೆಟ್ಟಿಗೆ ಸಿಡಿಮದ್ದು ಬೇಕಾಯಿತೆಂಬ ಲೆಕ್ಕ ವ್ಯಾಸರಾಯರ ಹಳೆಯ ವರದಿಗಳಲ್ಲೇ ಇತ್ತು. ಈ ಬೇರು ಸದ್ದಿಲ್ಲದೆ ಒಳಗೆ ಹೋಗಿತ್ತು. ಅವರು ಅದನ್ನು ಮುಟ್ಟಲು ಕೈಚಾಚಿ, ಮುಟ್ಟಬಾರದೆನ್ನಿಸಿ ಕೈ ಹಿಂದೆಗೆದುಕೊಂಡರು. ಕಣ್ಣು ತುಂಬಿ ಬಂತು. ಹೋದ ವರ್ಷ ‘ಸಸಿಗಳು ಬದುಕಿವೆ’ ಎಂದು ತಾವು ನೋಡದೆ ಬರೆದ ಸುಳ್ಳನ್ನು ಈ ಹೆಂಗಸು ಬೆನ್ನು ಮುರಿದುಕೊಂಡು ನಿಜ ಮಾಡಿಟ್ಟಿದ್ದಳು.

“ಎಲ್ಲಾ ಮರಾನೂ ಹೀಗೆ ಬೇರಿಳಿಸಿವೆಯೇನಮ್ಮಾ?”

“ಎಲ್ಲಿ ಸಾಮಿ, ನಾಲ್ಕರಲ್ಲಿ ಒಂದು. ಮಿಕ್ಕಿದ್ದಕ್ಕೆ ಇನ್ನೂ ಎರಡು ಕೋಡೆ, ಎರಡು ಬೇಸಿಗೆ ನೀರು ಬೇಕು. ಆಮೇಲೆ ನನ್ನ ಹಂಗಿಲ್ಲ.” ಅವಳು ತಳದಲ್ಲಿದ್ದ ಮೋಟಾರಿನ ಕಡೆ ನೋಡಿದಳು. “ಇವತ್ತು ನೀವು ಸೈನ್ ಹಾಕಿದ್ರೆ ನಾಳೆ ಮೋಟಾರು ಬಿಚ್ಚಿ ಗೇಟಿಗೆ ಪೂಟು ಹಾಕ್ತಾರಂತೆ. ಏಪ್ರಿಲ್ ತಡೆಯಲ್ಲ ಸಾಮಿ ಇವು. ನೀರು ಮಾತ್ರ ನಿಲ್ಲದಂಗೆ ಎಳುದಿಬಿಡಿ. ಸಂಬಳ ಇಲ್ದಿದ್ರೂ ಬರ್ತೀನಿ.”

ವ್ಯಾಸರಾಯರು ಮೇಲಕ್ಕೆ ಹತ್ತಿ ಬಂದು ಕಾರಿನ ಬಾನೆಟ್ಟಿನ ಮೇಲೆ ವರದಿ ಹರಡಿಕೊಂಡು, ಬಹುಶಃ ಮೊದಲ ಸಲ, ಕೊನೆಯ ಷರತ್ತನ್ನು ಪೂರ್ತಿ ಓದಿದರು. ನೆಟ್ಟ ಮರಗಳು ಯಾರ ನೀರಿನ ಆಸರೆಯೂ ಇಲ್ಲದೆ ತಾವೇ ಬದುಕುವ ತನಕ ನೋಡಿಕೊಳ್ಳುವುದು ಗುತ್ತಿಗೆದಾರರ ಹೊಣೆ, ಅಲ್ಲಿಯವರೆಗೆ ಗುತ್ತಿಗೆ ಮುಗಿಯದು ಎಂದಿತ್ತು. ಪೆನ್ನು ತೆಗೆದು ಅದರ ಎದುರಿನ ‘ಪಾಲಿಸಲಾಗಿದೆ’ಯನ್ನು ಹೊಡೆದುಹಾಕಿ ‘ಪಾಲಿಸಿಲ್ಲ’ ಎಂದು ಬರೆದರು. ಕೆಳಗೆ, ಎರಡು ವರ್ಷ ಮೋಟಾರು, ಕಾವಲು, ನೀರು ಮುಂದುವರಿಯಬೇಕು ಎಂದು ಸೇರಿಸಿದರು.

ಮೋಹನ್‌ರಾಜನ ಮುಖ ಕೆಂಪಾಯಿತು. “ಏನ್ ಸಾರ್ ಇದು? ಹೋದ ವರ್ಷ ಒಂದು ಮರಾನೂ ನೋಡದೆ ಸರಿ ಅಂದ್ರಿ. ಇವತ್ತು ಇಷ್ಟು ಮರ ನೋಡಿ ಇಲ್ಲ ಅಂತೀರಾ? ನಿಮ್ಮ ಕಂಪನಿಗೆ ಫೋನ್ ಮಾಡ್ತೀನಿ.”

“ಮಾಡಪ್ಪ,” ಎಂದರು ವ್ಯಾಸರಾಯರು ತಮಿಳಿನಲ್ಲೇ. “ಹೋದ ವರ್ಷ ನೋಡದೆ ಬರೆದೆ ಅನ್ನೋದನ್ನೂ ಇದರಲ್ಲೇ ಬರೆದು ಸಹಿ ಹಾಕ್ತೀನಿ. ಅವರು ಏನು ಮಾಡ್ತಾರೋ ಮಾಡಲಿ.” ಬರೆದೂ ಬರೆದರು. ಆ ಒಂದು ಸಾಲಿಗೆ ತಮ್ಮ ಕೆಲಸ ಹೋಗಬಹುದೆಂದು ಅವರಿಗೆ ಗೊತ್ತಿತ್ತು. ಸಹಿಯನ್ನೂ ಹಾಕಿದರು.

ಮೋಹನ್‌ರಾಜ್ ಫೋನ್ ಹಿಡಿದು ಆಚೆ ಹೋದ. ಚಂದ್ರಾ ಹತ್ತಿರ ಬಂದಳು. ತಮಿಳಿನಲ್ಲಿದ್ದ ಕಾಗದ ಅವಳಿಗೆ ಓದಲು ಬರುತ್ತಿತ್ತು. ಓದಿ ಅವಳ ಮುಖ ಸಣ್ಣದಾಯಿತು.

“ಪಾಲಿಸಿಲ್ಲ ಅಂತ ಎಳುದಿದೀರಾ ಸಾಮಿ? ಅಷ್ಟು ನೋಡಿ?”

“ಅಷ್ಟು ನೋಡಿದ್ದಕ್ಕೇ ಅಮ್ಮಾ. ಆಯಿತು ಅಂತ ಬರೆದರೆ ನಾಳೆಗೆ ಬೀಗ. ಆಗಿಲ್ಲ ಅಂದರೆ ಅವರು ಮೋಟಾರು ಮುಟ್ಟೋ ಹಾಗಿಲ್ಲ.”

ಅವಳು ಇನ್ನೊಮ್ಮೆ ಕಾಗದ ನೋಡಿದಳು, ಅವರ ಮುಖ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳೋ ಅತ್ತಳೋ ಅವರಿಗೆ ತಿಳಿಯಲಿಲ್ಲ.

“ಹಂಗಾದ್ರೆ ಬರೋ ವರ್ಷಾನೂ ಆಗಿಲ್ಲ ಅಂತ್ಲೇ ಎಳುದಿ ಸಾಮಿ,” ಎಂದಳು. ಕೆಳಗಿನ ಹಂತದಲ್ಲಿ ಇನ್ನೂ ಎರಡು ಡ್ರಮ್ಮು ತುಂಬುವುದಿತ್ತು. ಅವಳು ಇಳಿದುಹೋದಳು.